ಗೋಬರ್ ಗ್ಯಾಸಿನ ಸೋರಿಕೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಬಣಕಲ್ ಹತ್ತಿರದ ಮನೆಯೊಂದಕ್ಕೆ ಬಂದೆ. ಸಣ್ಣ ಕಾಫಿ ತೋಟ, ಕೊಟ್ಟಿಗೆಯಲ್ಲಿ ಐದು ದನ, ಹಿತ್ತಲಲ್ಲಿ ಆಗಷ್ಟೇ ಕಟ್ಟಿಸಿದ್ದ ಗೋಬರ್ ಗ್ಯಾಸ್. ಅದಕ್ಕೆ ಸಗಣಿ ಕಲಸಿ ಹುಯ್ಯುವುದು ನನ್ನ ಪಾಲಿನ ಕೆಲಸ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಲೆಯ ಉರಿ ಸೊರಗಿತು. ಎಷ್ಟೋ ದಿನ ಅನ್ನ ಬೇಯುವ ಮೊದಲೇ ಆರಿಹೋಗುತ್ತಿತ್ತು.

"ಸಗಣಿ ಸರಿಯಾಗಿ ಹಾಕ್ತಾ ಇಲ್ಲ ನೀನು," ಎಂದರು ಅತ್ತೆ. ಅವರೇನೂ ಕೆಟ್ಟವರಲ್ಲ. ವರ್ಷಗಟ್ಟಲೆ ಹೊಗೆಯಲ್ಲಿ ಕೂತು ಕಣ್ಣು ಹಾಳುಮಾಡಿಕೊಂಡವರು, ಮತ್ತೆ ಸೌದೆ ಒಲೆಗೆ ಹೋಗಬೇಕಲ್ಲ ಎಂಬ ಹೆದರಿಕೆ. ನಾನು ಒಂದು ಬುಟ್ಟಿಯ ಜಾಗದಲ್ಲಿ ಎರಡು ಹೊತ್ತೆ. ಪಕ್ಕದ ತೋಟದವರ ಕೊಟ್ಟಿಗೆಯಿಂದಲೂ ತಂದೆ. ಉರಿ ಮಾತ್ರ ಮೇಲೇಳಲಿಲ್ಲ.

ಆಗ ಬಣಕಲ್ಲಿನ ಗ್ಯಾರೇಜ್ ಸಾಹೇಬರ ಮಗ ರಜೆಯಲ್ಲಿ ಊರಿಗೆ ಬಂದಿದ್ದ. ಗಲ್ಫಿನ ಎಣ್ಣೆ ಬಾವಿಗಳಲ್ಲಿ ಪೈಪು, ವಾಲ್ವುಗಳಿಂದ ಗ್ಯಾಸ್ ಸೋರುತ್ತಿದೆಯೇ ಎಂದು ಹುಡುಕುವುದೇ ಅವನ ಕೆಲಸ. ನಮ್ಮ ಜೀಪ್ ರಿಪೇರಿಗೆಂದು ಬಂದವನು ಹಿತ್ತಲಿಗೆ ಹೋಗಿ ಮೂಗರಳಿಸಿದ. ಬಟ್ಟೆ ಸೋಪಿನ ನೊರೆ ಮಾಡಿಸಿಕೊಂಡು, ಸಗಣಿ ಗುಂಡಿಯ ಮೇಲೆ ಕವುಚಿದ್ದ, ಗ್ಯಾಸ್ ತುಂಬಿದಂತೆ ಮೇಲೇಳುವ ಡ್ರಮ್ಮಿನ ವಾಲ್ವಿಗೆ ಬಳಿದ. ನೊರೆ ಗುಳ್ಳೆಗುಳ್ಳೆಯಾಗಿ ಉಬ್ಬಿತು.

"ನೋಡಿ ಅಮ್ಮ, ಅಕ್ಕ ಹೊತ್ತು ಹಾಕಿದ್ದೆಲ್ಲ ಇಲ್ಲಿಂದ ಗಾಳಿಗೆ ಹೋಗ್ತಾ ಇದೆ."

"ಹಾಗಾದ್ರೆ ಈಗ್ಲೇ ಬಿಚ್ಚು ಮಾರಾಯ," ಎಂದರು ಅತ್ತೆ.

"ಇರಿ ಅಮ್ಮ. ಒಳಗಿರೋದನ್ನ ಸುಮ್ನೆ ಹೊರಗೆ ಬಿಡ್ಬಾರ್ದು. ಅಪಾಯಾನೂ ಹೌದು, ದಂಡಾನೂ ಹೌದು. ಒಲೆ ಮೇಲೆ ಏನಾದ್ರೂ ಇಡಿ, ಉರಿದು ಮುಗೀಲಿ. ಅಲ್ಲಿ ಗಲ್ಫಲ್ಲಿ ಬೇಡದ ಗ್ಯಾಸನ್ನ ದಿನವಿಡೀ ಬಯಲಲ್ಲೇ ಸುಡ್ತಾರೆ. ನೋಡೋಕಾಗಲ್ಲ."

"ಅದ್ರಲ್ಲಿ ಒಂದು ಅನ್ನಾನೂ ಮಾಡೋದಿಲ್ವಾ?" ಅತ್ತೆಗೆ ನಂಬಿಕೆಯೇ ಬರಲಿಲ್ಲ.

ಸಣ್ಣ ಉರಿಯಲ್ಲೇ ಹಲಸಿನ ಬೀಜ ಬೇಯಿಸಿದೆವು. ಬೇಕಿಲ್ಲದಿದ್ದರೂ ಒಂದು ಪಾತ್ರೆ ನೀರು ಕಾಯಿಸಿದೆವು. ಎಲ್ಲರಿಗೂ ಎರಡೆರಡು ಸಲ ಕಾಫಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಉರಿ ತಾನಾಗಿ ಆರಿತು, ಡ್ರಮ್ಮು ಕೆಳಗಿಳಿಯಿತು. ಆಮೇಲೆ ಅವನು ವಾಲ್ವ್ ಬಿಚ್ಚಿ, ಸೆಣಬಿನ ನಾರು ಸುತ್ತಿ, ಸಂದು ಮುಚ್ಚುವಂತೆ ಬಣ್ಣ ಮೆತ್ತಿ ಬಿಗಿದ. ನಾಲ್ಕು ದಿನ ಬಿಟ್ಟು ಬಂದು ಮತ್ತೆ ನೊರೆ ಬಳಿದು ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

ಅತ್ತೆ ನನ್ನ ಕೈ ಹಿಡಿದುಕೊಂಡು, "ನಿಂಗೆ ಸುಮ್ಸುಮ್ನೆ ಅಂದೆ ಕಣೇ," ಎಂದರು. ನನಗೆ ಅಳು ಬಂತು. ಅವನು ಆಚೆ ತಿರುಗಿ ಕೈ ತೊಳೆಯತೊಡಗಿದ.

ಗಲ್ಫಿನ ವಿಮಾನ ಹತ್ತಲು ಬೊಂಬಾಯಿಗೆ ಹೊರಡುವ ಮುಂಚೆ ಅವನು ಸೋರಿಕೆ ಹುಡುಕುವುದನ್ನು ನನಗೂ ಕಲಿಸಿಕೊಟ್ಟ. ಆಮೇಲೆ ಸುತ್ತಲಿನ ನಾಲ್ಕಾರು ಮನೆಯವರು ಗ್ಯಾಸ್ ಕೈಕೊಟ್ಟಾಗ ನನಗೇ ಹೇಳಿಕಳಿಸುತ್ತಿದ್ದರು.