ಬುತ್ತಿ ಕಟ್ಟಿಕೊಂಡು ಬಂದ ತಪಾಸಣೆ ಸಾಹೇಬರು

ಸರ್ಕಾರಿ ಕಾಮಗಾರಿಗಳ ಗುಣಮಟ್ಟ ನೋಡಲು ಬರುತ್ತಿದ್ದ ಆ ಸಾಹೇಬರು ಕಾಂಕ್ರೀಟು ಮುಟ್ಟುವ ಮೊದಲು ನೆರಳು ಹುಡುಕುತ್ತಿದ್ದರು. ಗುತ್ತಿಗೆದಾರರು ತರಿಸಿದ ಚಹಾ ಕುಡಿಯುತ್ತಿರಲಿಲ್ಲ. ಕೂಲಿಯವರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು, ರೊಟ್ಟಿಯ ಬುತ್ತಿ ಬಿಚ್ಚಿ, "ಮೊದಲ ಊಟಾ, ಆಮ್ಯಾಲ ಕೆಲಸಾ" ಎನ್ನುತ್ತಿದ್ದರು. ಹೊಸದಾಗಿ ಗುತ್ತಿಗೆ ಹಿಡಿಯುವವರಿಗೆ ನನ್ನದೊಂದು ಮಾತು: ಅಧಿಕಾರಿ ಬುತ್ತಿ ಕಟ್ಟಿಕೊಂಡು ಬಂದರೆ ಅಂದು ನಿಮ್ಮ ಊಟ ತಪ್ಪಿದಂತೆಯೇ.

ಉಗರಗೋಳದಲ್ಲಿ ನಾನು ಕಾಂಕ್ರೀಟ್ ಗಟಾರ ಕಟ್ಟಿಸುತ್ತಿದ್ದಾಗ ಅವರು ಬಂದರು. ಬರುವ ಸುದ್ದಿ ಮೊದಲೇ ತಿಳಿದಿದ್ದರಿಂದ ಅಂದು ಬೆಳಿಗ್ಗೆಯಿಂದ ಸಿಮೆಂಟು ಧಾರಾಳವಾಗಿ ಸುರಿಸಿದ್ದೆ. ಮೇಸ್ತ್ರಿಗೆ ಉತ್ತರ ಬಾಯಿಪಾಠ ಮಾಡಿಸಿದ್ದೆ. ಅವರು ಮೇಸ್ತ್ರಿಯನ್ನು ಕೇಳಲೇ ಇಲ್ಲ. ಬುಟ್ಟಿ ಹೊರುವ ಹೆಂಗಸಿಗೆ ಶೇಂಗಾ ಚಟ್ನಿ ನೀಡುತ್ತ ಕೇಳಿದರು: "ಯಕ್ಕಾ, ಒಂದ್ ಚೀಲ ಸಿಮೆಂಟಿಗೆ ಎಷ್ಟ್ ಬುಟ್ಟಿ ಉಸುಕ ಹಾಕ್ತೀರಿ?"

"ನೀವ್ ಬರೂ ದಿವಸೇನ್ರಿ, ಉಳದ ದಿವಸೇನ್ರಿ?"

"ಎರಡೂ ಹೇಳಕ್ಕಾ."

ಆಕೆ ಎರಡನ್ನೂ ಹೇಳಿದಳು. ಉಳಿದ ದಿವಸದ ಬುಟ್ಟಿಗಳು ಇಮ್ಮಡಿ ಇದ್ದವು. ಅವರು ಬರೆದುಕೊಂಡು, ಕೈ ತೊಳೆದು, ಗಟಾರವನ್ನೆಲ್ಲ ಕೆಡವಲು ಹೇಳಿದರು.

ಯರಗಟ್ಟಿ ಸಂತೆಯಲ್ಲಿ ಚೌಕಾಸಿ ಕಲಿತವನು ನಾನು. "ಸಾಹೇಬ್ರ, ಎಲ್ಲಾ ಬ್ಯಾಡ್ರಿ. ಒಂದೀಟರ ಉಳಿಸ್ರಿ" ಎಂದೆ.

ಅವರು ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿಕೊಂಡರು. "ಆತು. ನಾ ಬಂದ ದಿವಸದ್ದು ಇರಲಿ. ಉಳದದ್ದು ಕೆಡವ್ರಿ."

ಚೌಕಾಸಿ ಗೆದ್ದೆನೆಂದು ತಲೆ ಆಡಿಸಿಬಿಟ್ಟೆ. ಅವರು ಅಲ್ಲಿಗೆ ಬಂದದ್ದು ಅಂದೇ ಮೊದಲು. ಬೆಳಿಗ್ಗೆಯಿಂದ ನಾವು ಕಟ್ಟಿದ್ದು ಹತ್ತು ಫೂಟು.