ಸಾರವಾಡದ ಡಬ್ಬಿ

ಇವತ್ತು ಮುಂಜಾನೆ ರೊಟ್ಟಿಗೆ ಹಿಂಡಿ ಹಚ್ಚಿಕೊಳ್ಳಲು ಹೋದಾಗ ಚಮಚ ಡಬ್ಬಿಯ ತಳಕ್ಕೆ ತಾಗಿ ಸದ್ದಾಯಿತು. ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಮುಗಿದಿತ್ತು. ಮೂಲೆಯಲ್ಲಿ ಅಂಟಿದ್ದನ್ನು ಬೆರಳಿನಿಂದ ಸವರಿ ತಿಂದೆ. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವಿಜಯಪುರದ ಸೊಲ್ಲಾಪುರ ರಸ್ತೆಯ ಆ ಗೋದಾಮು, ರಟ್ಟಿನ ಬಾಕ್ಸುಗಳ ರಾಶಿ, ಟೇಪು ಎಳೆಯುವ ಚರ್‍ರ್ ಸದ್ದು, ಅದರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಕಾಕು, ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು. ಕೈ ತೊಳೆಯದೆ ಬಹಳ ಹೊತ್ತು ಹಾಗೇ ಕುಳಿತಿದ್ದೆ.

ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ನಾವಿಬ್ಬರೂ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆವು, ಅಷ್ಟೇ. ನಮ್ಮ ಸೀಮೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣದ್ರಾಕ್ಷಿಗಳನ್ನು ಮೊಬೈಲಿನಲ್ಲಿ ಆರ್ಡರ್ ತೆಗೆದುಕೊಂಡು ದೂರದ ಊರುಗಳಿಗೆ ಕಳಿಸುವ ಕಂಪನಿ. ಹಿಂದೆ ಆ ಗೋದಾಮಿನಲ್ಲಿ ನೀರಾವರಿ ಪೈಪು ತುಂಬಿಡುತ್ತಿದ್ದರಂತೆ. ಕೆಳಗೆ ಪ್ಯಾಕಿಂಗ್, ಮೇಲೆ ತಗಡಿನ ಮಾಳಿಗೆಯಲ್ಲಿ ಕಂಪ್ಯೂಟರು, ಫೋನುಗಳ ಆಫೀಸು. ಎಡಕ್ಕೊಂದು ಬಲಕ್ಕೊಂದು ಟ್ರ್ಯಾಕ್ಟರ್ ಗ್ಯಾರೇಜು. ಬೇಸಿಗೆಯಲ್ಲಿ ಮೇಲೆ ಕುಳಿತವರು ಹಪ್ಪಳದ ಹಾಗೆ ಹುರಿಯುತ್ತಿದ್ದೆವು.

ಮಾಲೀಕ ಸಿದ್ಧೇಶ್ವರ ಗುಡಿಯ ಹತ್ತಿರದ ವ್ಯಾಪಾರಸ್ಥರ ಮನೆಯ ಹುಡುಗ. ಒಳ್ಳೆಯವನು, ಸ್ವಲ್ಪ ಹುಚ್ಚ. ‘ಇಲ್ಲಿ ಸರ್ ಗಿರ್ ಅನ್ನಬಾರದು, ನಾವೆಲ್ಲಾ ಒಂದೇ ಮನಿ ಮಂದಿ, ಹೆಸರು ಹಿಡಿದು ಕರೀರಿ’ ಅಂದಿದ್ದ. ನಮ್ಮ ನಾಲಿಗೆ ಹೊರಳಬೇಕಲ್ಲ! ನಾವು ಸರ್ ಅನ್ನುವುದನ್ನು ಬಿಡಲಿಲ್ಲ. ಕಾಕು ಮಾತ್ರ ಮೊದಲ ದಿನದಿಂದಲೇ ಯಪ್ಪಾ ಅನ್ನುತ್ತಿದ್ದರು. ಗೋಡೆಗೆ ಬಣ್ಣಬಣ್ಣದ ಅಕ್ಷರಗಳಲ್ಲಿ ಇಂಗ್ಲಿಷ್ ಘೋಷಣೆ ಬರೆಸಿದ್ದ. ಕೂತರೆ ಒಳಗೇ ಇಳಿದುಹೋಗುವ, ಚೀಲದಂಥ ಮೆತ್ತನೆ ಕುರ್ಚಿಯೊಂದನ್ನು ತರಿಸಿದ್ದ. ಕಾಕು ಒಮ್ಮೆ ಅದರಲ್ಲಿ ಕೂತು, ಏಳಲಾಗದೆ, ಎಬ್ಬಿಸಲು ಬಂದವರನ್ನೂ ಬೈದು, ಕಡೆಗೆ ಮಗ್ಗುಲಾಗಿ ಉರುಳಿ ಎದ್ದರು. ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಗುರುತಿನ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೇಳಿದರೆ ‘ಒಂದ ಕೊರಳಿಗೆ ಎಷ್ಟ ಕಟ್ಟತೀರಿ?’ ಅನ್ನುತ್ತಿದ್ದರು.

ಅವರು ಸಾರವಾಡದವರು. ಮನೆಯಲ್ಲಿ ಹೊಲ ಇತ್ತು, ಗಂಡ ಇದ್ದರು, ಬಾಯಿಬಡಕಿ ಅತ್ತೆ ಇದ್ದಳು. ಅತ್ತೆಯ ಬಾಯಿಂದ ತಪ್ಪಿಸಿಕೊಳ್ಳಲೆಂದೇ ದಿನಾ ಬಸ್ಸು ಹತ್ತಿ ಬರುತ್ತೇನೆ ಎಂದು ಅವರೇ ಹೇಳಿ ನಗುತ್ತಿದ್ದರು. ಇವರ ಬಾಯಿಯೇನೂ ಕಡಿಮೆ ಇರಲಿಲ್ಲ. ಟೇಪು ವಿನಾಕಾರಣ ಸುತ್ತಿದವರಿಗೆ ಗೋದಾಮಿನ ಆಚೆ ಗ್ಯಾರೇಜಿಗೆ ಕೇಳುವಂತೆ ಬೈಗುಳ ಬೀಳುತ್ತಿತ್ತು.

ನಾನು ಟಿಕೋಟಾದಿಂದ ಬರುತ್ತಿದ್ದೆ. ಮೇಲಿನ ಆಫೀಸಿನಲ್ಲಿ ಗಿರಾಕಿಗಳ ಫೋನು ಎತ್ತುವುದು ನನ್ನ ಕೆಲಸ. ರೊಟ್ಟಿ ಒಡೆದು ಬಂದಿವೆ ಎಂಬುದೇ ನಿತ್ಯದ ದೂರು. ಖಡಕ್ ರೊಟ್ಟಿಯನ್ನು ಇವರು ಮುರಿಯದೆ ಹಾಗೇ ನುಂಗುತ್ತಾರೋ ಏನೋ ಎಂದು ಒಳಗೇ ಅಂದುಕೊಂಡು, ಹೊರಗೆ ಮೆತ್ತಗೆ ಕ್ಷಮೆ ಕೇಳುತ್ತಿದ್ದೆ. ಒಮ್ಮೆ ಕಾಕು ಮೆಟ್ಟಿಲ ಮೇಲೆ ನಿಂತು ಇದನ್ನು ಕೇಳಿಸಿಕೊಂಡರು. ‘ಏನಬೇ, ದಿನಾ ಯಾರ್‍ಯಾರಿಗೋ ಕ್ಷಮಾ ಕೇಳ್ತೀಯಲ್ಲ, ಅಂಥಾದ್ದೇನ ಮಾಡೀಯವ್ವಾ ನೀ?’ ಅಂದರು. ನಕ್ಕೂ ನಕ್ಕೂ ಮುಂದಿನ ಫೋನಿಗೆ ನನ್ನ ದನಿಯೇ ಹೊರಡಲಿಲ್ಲ.

ಮಧ್ಯಾಹ್ನ ನಾನು ನನ್ನ ಮೇಜಿನ ಮೇಲೇ, ಗೋಡೆಗೆ ಮುಖ ಮಾಡಿ, ಒಬ್ಬಳೇ ಉಣ್ಣುತ್ತಿದ್ದೆ. ಕೆಲಸದ ಒತ್ತಡ ಎಂದು ಉಳಿದವರು ತಿಳಿದಿದ್ದರು. ಅದು ಸುಳ್ಳು. ಸಾಲಿಯಲ್ಲಿ ಓದುವಾಗ ನಾನು ಡಬ್ಬಿ ಬಿಚ್ಚಿದ ಕೂಡಲೇ ಪಕ್ಕದ ಹುಡುಗಿ ತನ್ನ ಡಬ್ಬಿಯನ್ನು ಆಚೆ ಸರಿಸಿದ್ದಳು. ಮನೆಗೆ ಬಂದು ಅವ್ವನಿಗೆ ಹೇಳಿದಾಗ, ನಿನ್ನ ಬುತ್ತಿ ನೀನು ಉಣ್ಣು, ಮಂದಿಯ ನಡುವೆ ಬಿಚ್ಚಬೇಡ ಅಂದಳು. ಆ ಮಾತು ನನ್ನ ಮೈಗೆ ಹತ್ತಿಬಿಟ್ಟಿತ್ತು. ನೌಕರಿ ಸಿಕ್ಕರೂ ಬಿಟ್ಟಿರಲಿಲ್ಲ.

ಒಂದು ಶನಿವಾರ ಮಾಲೀಕ ಎಲ್ಲರನ್ನೂ ಕೆಳಗೆ ಕೂಡಿಸಿದ. ಹೊರಗಿನಿಂದ ಬಂಡವಾಳ ಹಾಕುವವರು ಬರಲಿದ್ದಾರೆ, ಇಲ್ಲಿ ಕೆಲಸ ಮಾಡುವುದು ಹೇಗನ್ನಿಸುತ್ತದೆ, ಪ್ರತಿಯೊಬ್ಬರೂ ಮನಸ್ಸು ಬಿಚ್ಚಿ ಹೇಳಿ ಅಂದ. ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದ. ಕ್ಯಾಮೆರಾ ಎದುರು ಮನಸ್ಸು ಬಿಚ್ಚುವವರು ಯಾರು? ಛಲೋ ಅದರಿ ಸರ್, ಭಾಳ ಛಲೋ ಅದರಿ ಸರ್ ಎಂದು ಬಾಯಿಪಾಠ ಒಪ್ಪಿಸಿದೆವು. ಸಂಬಳ ತಡವಾಗುತ್ತಿತ್ತು, ತಗಡಿನ ಕೆಳಗೆ ಜೀವ ಬೇಯುತ್ತಿತ್ತು, ಹಾಗಿದ್ದರೂ ಮನೆಯಲ್ಲಿ ಕೂತ ಗೆಳತಿಯರನ್ನು ನೆನೆದರೆ ಅದು ನಿಜಕ್ಕೂ ಛಲೋ ಇತ್ತು. ಇಷ್ಟನ್ನೆಲ್ಲ ಒಂದು ಉಸಿರಿನಲ್ಲಿ ಹೇಳುವುದು ಹೇಗೆ? ಕಾಕುವಿನ ಸರದಿ ಬಂತು.

‘ಯಪ್ಪಾ, ನೀ ಮಾತ ಮಾತಿಗೆ ಒಂದ ಮನಿ ಮಂದಿ ಅಂತಿ. ಮನಿ ಅಂದ್ರ ಕೂಡಿ ಉಣ್ಣಬೇಕೋ ಬ್ಯಾಡೋ? ನೀ ಮ್ಯಾಲ ಉಣ್ಣತಿ, ನಾವು ಕೆಳಗ ಉಣ್ಣತೀವಿ, ಈ ಹುಡುಗಿ ಗ್ವಾಡಿಗೆ ಮಾರಿ ಮಾಡಿ ಒಬ್ಬಾಕೀನ ಉಣ್ಣತಾಳ. ಇದೆಂಥಾ ಮನಿಯೋ?’

ಮಾಲೀಕನ ಕಿವಿ ಕೆಂಪಾದವು. ಸೋಮವಾರದಿಂದ ಎಲ್ಲರ ಊಟ ಕೆಳಗೇ, ಕೂಡಿಯೇ ಎಂದು ಅಲ್ಲೇ ಸಾರಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ತಟ್ಟಲಿಲ್ಲ. ಕಾಕು ಒಳ್ಳೆಯದನ್ನೇ ಮಾಡಿದ್ದರು, ಆದರೆ ನಾನು ಇಷ್ಟು ವರ್ಷ ಯಾವುದರಿಂದ ಓಡುತ್ತಿದ್ದೆನೋ ಅಲ್ಲಿಗೇ ನನ್ನನ್ನು ಎಳೆತಂದು ಕೂಡಿಸಿದ್ದರು.

ಸೋಮವಾರ ಚೀಲಗಳನ್ನು ಹಾಸಿ ದುಂಡಗೆ ಕುಳಿತೆವು. ಕಾಕು ನನ್ನ ಪಕ್ಕಕ್ಕೆ. ಅವ್ವ ಮಾಡಿದ ಪುಂಡಿಪಲ್ಯದ ಹುಳಿವಾಸನೆಗೆ ಅವರ ಮೂಗು ಅರಳಿತು. ಕೈ ಚಾಚುತ್ತಲೇ ಕೇಳಿದರು: ‘ಟಿಕೋಟಾದಾಗ ಯಾರ ಪೈಕಿ ಬೇ ನೀವು?’ ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಅರ್ಥ. ಜಾತಿ ಯಾವುದು ಎಂದು.

‘ನಾವು ಬೌದ್ಧರ್‍ರಿ ಕಾಕು,’ ಅಂದೆ. ಬೌದ್ಧರಾದ ದಲಿತರು ಎಂಬುದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ಕೈ ನನ್ನ ಡಬ್ಬಿಯ ಮೇಲೆ, ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಗಿ ತಮ್ಮ ರೊಟ್ಟಿಯನ್ನು ಮುರಿಯಿತು. ಅವತ್ತು ಕಾಕು ಟೇಪಿಗಾಗಿ ಯಾರನ್ನೂ ಬೈಯಲಿಲ್ಲ. ಮರುದಿನದಿಂದ ನಾನು ಫೋನು ಬಹಳ ಎಂದು ನೆವ ಹೇಳಿ ಮೇಲೆಯೇ ಉಂಡೆ. ಬೇರೆ ಯಾರು ಹಾಗೆ ಮಾಡಿದ್ದರೂ ಇಷ್ಟು ಅನ್ನಿಸುತ್ತಿರಲಿಲ್ಲವೇನೋ...

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಕಾಕು ತಮ್ಮ ಡಬ್ಬಿ ಹಿಡಿದು ಬಂದಿದ್ದರು. ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

‘ಅವತ್ತ ನನ್ನ ಕೈ ನಿಂತಬಿಡ್ತು. ನಾ ನಿಂದ್ರಸಿದ್ದಲ್ಲ ಯವ್ವಾ, ತಾನ ನಿಂತ್ತು. ಸಣ್ಣಾಕಿದ್ದಾಗಿಂದ ಕಲಿಸ್ಯಾರ ಅದಕ್ಕ. ಆದ್ರ ನಾಚಿಕಿ ನನಗ ಆತು. ರಾತ್ರಿ ಊಟ ಸೇರವಲ್ದು.’ ಹೀಗಂದು ರೊಟ್ಟಿಯನ್ನು ನನ್ನತ್ತ ಒಡ್ಡಿದರು. ‘ಹಾಕು ಪಲ್ಯಾ.’

ಹಾಕಿದೆ. ಅವಸರಕ್ಕೆ ಅರ್ಧ ಅವರ ಸೀರೆಗೆ ಬಿತ್ತು. ಸೀರೆಯ ಮೇಲಿನದನ್ನೂ ಬಿಡದೆ ತಿಂದರು. ಕ್ಷಮೆ ಕೇಳಬೇಡಿ ಎಂದು ಹೇಳಬೇಕೆನ್ನಿಸಿತು, ಆದರೆ ಅವರೇನೂ ಕ್ಷಮೆ ಕೇಳಿರಲಿಲ್ಲ. ಅದಕ್ಕೇ ಇರಬೇಕು, ಅವರ ಮಾತನ್ನು ನಾನು ನಂಬಿದೆ. ಅಂದಿನಿಂದ ಕೆಳಗೆ ಹೋಗಿ ಉಣ್ಣತೊಡಗಿದೆ. ದುಂಡಗೆ ಕೂತು, ಒಬ್ಬರದನ್ನೊಬ್ಬರು ಕಸಿದು, ಮಾಲೀಕನ ಮನೆಯ ಎಣ್ಣೆಗಾಯಿಗೆ ಜಗಳವಾಡಿ... ಆ ಊಟದ ರುಚಿ ಆಮೇಲೆ ನನಗೆಲ್ಲೂ ಸಿಕ್ಕಿಲ್ಲ.

ಪಂಚಮಿಗೆ ಕಾಕು ಶೇಂಗಾದ ಉಂಡಿ ತುಂಬಿದ ಸ್ಟೀಲ್ ಡಬ್ಬಿಯೊಂದನ್ನು ನಮ್ಮ ಮನೆಗೆ ಕಳಿಸಿದರು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಅತ್ತೆಯ ಹೆಸರು ಕೆತ್ತಿಸಿದ್ದರು. ಉಂಡಿ ಮುಗಿದ ಮೇಲೆ ಅವ್ವ ಡಬ್ಬಿ ತೊಳೆದು ಮುಂದಿಟ್ಟುಕೊಂಡು ಕೂತಳು. ಮಂದಿಯ ಡಬ್ಬಿಯನ್ನು ಬರಿದಾಗಿ ಮರಳಿಸಬಾರದು, ಏನಾದರೂ ಹಾಕಿಯೇ ಕೊಡಬೇಕು, ಅದು ಎಲ್ಲ ಮನೆಗಳ ರೀತಿ. ‘ಬರೇ ಡಬ್ಬಿ ಕೊಟ್ರ ನಮ್ಮ ಮನಿ ರೀತಿ ಕೆಡತದ. ತುಂಬಿ ಕೊಟ್ರ ಅವರ ಮನಿ ರೀತಿ ಕೆಡತದ,’ ಅಂದಳು. ಕಾಕು ಗೋದಾಮಿನಲ್ಲಿ ಉಂಡದ್ದು ಬೇರೆ, ಸಾರವಾಡದ ಆ ಅತ್ತೆಯ ಅಡಿಗೆಮನೆಗೆ ನಮ್ಮ ಪಲ್ಯ ಹೋಗುವುದು ಬೇರೆ. ಕಡೆಗೆ ಯಾರಿಗೂ ನೋವಾಗದಂತೆ ಸಕ್ಕರೆ ಹಾಕಿ ಕೊಟ್ಟಳು.

ಕಾಕು ಮುಚ್ಚಳ ತೆಗೆದು ನೋಡಿ ಮುಖ ಗಂಟು ಹಾಕಿದರು. ‘ಸಕ್ಕರಿ ಕಿರಾಣಿ ಅಂಗಡ್ಯಾಗ ಸಿಗತೈತಿ. ಕೈಲೆ ಮಾಡಿದ್ದು ಕಳಸಂತ ಹೇಳ ನಿಮ್ಮವ್ವಗ,’ ಎಂದು ಮರುದಿನ ಹಿಂಡಿ ತುಂಬಿ ಮತ್ತೆ ನನ್ನ ಕೈಗೇ ಇಟ್ಟರು. ಈ ಸಲ ಅವ್ವ ನಸುಕಿನಲ್ಲಿ ಎದ್ದು ಪುಂಡಿಪಲ್ಯ ಮಾಡಿದಳು. ಎಣ್ಣೆ ಎಂದಿಗಿಂತ ಜಾಸ್ತಿ ಸುರಿದಳು. ಡಬ್ಬಿ ಸಾರವಾಡದ ಬಸ್ಸು ಹತ್ತಿತು. ಮರುದಿನ ನಾನು ಕೇಳುವ ಮೊದಲೇ ಕಾಕು ಅಂದರು: ‘ನಮ್ಮತ್ತಿ ಬೆರಳ ಚೀಪಿ ಉಂಡ್ಲು. ಯಾರ ಮನೀದು ಅಂತ ಕೇಳಿದ್ಲು. ಟಿಕೋಟಾದ ನನ್ನ ಗೆಳತಿ ಮನೀದು ಅಂದ್ನಿ. ಉಳಿದದ್ದು ಆಕೀಗೆ ಇನ್ನೊಮ್ಮೆ ಹೇಳ್ತೇನಿ.’

ನನಗೆ ಸಿಟ್ಟು ಬಂತು. ಹೇಳುವುದಾದರೆ ಪೂರಾ ಹೇಳಬೇಕು, ಅರ್ಧ ಯಾಕೆ? ಅವ್ವನಿಗೆ ಅಷ್ಟೇ ಸಾಕಾಗಿತ್ತು. ಬೆರಳು ಚೀಪಿ ಉಂಡಳಂತೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಆ ಡಬ್ಬಿ ಟಿಕೋಟಾಕ್ಕೂ ಸಾರವಾಡಕ್ಕೂ ಓಡಾಡುತ್ತಲೇ ಇತ್ತು. ಗೋದಾಮಿನಲ್ಲಿ ಮರಳಿ ಬಂದ ಬಾಕ್ಸೆಂದರೆ ಎಲ್ಲರ ಮುಖ ಬಾಡುತ್ತಿತ್ತು, ಲುಕ್ಸಾನು. ಈ ಡಬ್ಬಿ ಮರಳಿ ಬಂದಾಗ ಮಾತ್ರ ನನಗೆ ಹಬ್ಬ.

ಒಂದು ಸಂಕ್ರಾಂತಿಯ ಮರುವಾರ ಮುಂಜಾನೆ ಮೊಬೈಲಿಗೆ ಸಂದೇಶ ಬಂತು. ಕಂಪನಿಯನ್ನು ಬೇರೆ ಊರಿನ ದೊಡ್ಡವರು ಕೊಂಡಿದ್ದಾರೆ, ವಿಜಯಪುರದ ಗೋದಾಮು ಇನ್ನಿಲ್ಲ, ಎಲ್ಲರಿಗೂ ಧನ್ಯವಾದ. ಹೋಗಿ ನೋಡಿದರೆ ಶಟರ್ ಎಳೆದಿತ್ತು. ಮಾಲೀಕ ಹೊರಗೆ ಕಲ್ಲಿನ ಮೇಲೆ ಕೂತು ಅಳುತ್ತಿದ್ದ. ಕಾಕು ಅವತ್ತು ಬಂದಿರಲಿಲ್ಲ. ಎಳ್ಳು ಹೋಳಿಗೆ ತುಂಬಿ ಕೊಟ್ಟಿದ್ದ ಅವರ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಫೋನು ಮಾಡಿದೆ.

‘ನಿನ್ನ ಕಡೇನ ಇರಲಿ ಬೇ. ಕೊಡಾಕಂತ ಒಮ್ಮೆ ಮನೀಗೆ ಬಾ. ನಿಮ್ಮವ್ವನ್ನೂ ಕರಕೊಂಡ ಬಾ,’ ಅಂದರು. ಅತ್ತೆಗೆ ಉಳಿದದ್ದು ಹೇಳಿದಿರಾ ಎಂದು ಕೇಳಿದೆ. ದೊಡ್ಡದಾಗಿ ನಕ್ಕರು. ‘ನೀ ಬಾ ಮೊದಲ.’

ಆಮೇಲೆ ನಾನು ಕೆಲಸ ಹುಡುಕುತ್ತಾ ತಿರುಗಿದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಹಿಂದಿನ ಕಂಪನಿಯಲ್ಲಿ ಕೆಲಸ ಹೇಗಿತ್ತು? ಕಲಿಯಲು ಬಹಳ ಇತ್ತು ಸರ್ ಅನ್ನುತ್ತಿದ್ದೆ. ಹಳೆಯ ನೌಕರರು ಕಂಪನಿಗಳಿಗೆ ಅಂಕದ ಚುಕ್ಕಿ ಕೊಟ್ಟು ಅಭಿಪ್ರಾಯ ಬರೆಯುವ ಜಾಲತಾಣವೊಂದಿದೆ. ನಮ್ಮದರ ಪುಟ ಅಲ್ಲಿ ಇನ್ನೂ ಹಾಗೇ ಇದೆ. ಮಾಲೀಕ ಒಳ್ಳೆಯವರು, ಸಂಬಳ ತಡ, ಬೇಸಿಗೆಯಲ್ಲಿ ಸೆಕೆ ಎಂದು ಯಾರೋ ಬರೆದಿದ್ದಾರೆ. ಎಲ್ಲವೂ ನಿಜ. ಮಧ್ಯಾಹ್ನದ ಊಟದ ಬಗ್ಗೆ ಯಾರೂ ಬರೆದಿಲ್ಲ.

ಅಂತೂ ವಿಜಯಪುರದಲ್ಲೇ ಒಂದು ಕೆಲಸ ಸಿಕ್ಕಿತು, ಇಲ್ಲೇ ಒಂದು ಕೋಣೆ ಹಿಡಿದೆ. ಬರುವ ಅಮಾವಾಸ್ಯೆ ದಾಟಿದ ಮೇಲೆ ಸಾರವಾಡಕ್ಕೆ ಹೋಗೋಣ ಎಂದು ಅವ್ವ ಪುಂಡಿ ಸೊಪ್ಪಿಗೆ ಹೇಳಿಟ್ಟಿದ್ದಳು. ಅಷ್ಟರಲ್ಲಿ ಸುದ್ದಿ ಬಂತು. ಹೊಲದಲ್ಲಿ ಎದೆ ಹಿಡಿದುಕೊಂಡು ಕೂತ ಕಾಕು ಮತ್ತೆ ಏಳಲಿಲ್ಲವಂತೆ. ಹೇಳಿದವನು ನಮ್ಮ ಗೋದಾಮಿಗೆ ಬರುತ್ತಿದ್ದ ಕೊರಿಯರ್ ಗಾಡಿಯವನು. ಸಿದ್ಧೇಶ್ವರ ಗುಡಿಯ ಮುಂದೆ ಸಿಕ್ಕು, ನಿನಗೆ ಗೊತ್ತಿಲ್ಲೇನು ಅಂದ. ಕಾಯಿಪಲ್ಯದ ಚೀಲ ಹಿಡಿದು ರಸ್ತೆಯಲ್ಲೇ ಅತ್ತುಬಿಟ್ಟೆ.

ಸಾವಾದ ಮನೆಗೆ ಬುತ್ತಿ ಒಯ್ಯುವುದು ರೂಢಿ. ಅವ್ವ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿ ಅದೇ ಡಬ್ಬಿಗೆ ತುಂಬಿದಳು. ಸಾರವಾಡದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಒಬ್ಬ ಮುದುಕಿ ಗೋಡೆಗೊರಗಿ ಕೂತಿದ್ದಳು. ಅವ್ವ ಮೆಟ್ಟಿಲ ಕೆಳಗೇ ನಿಂತುಬಿಟ್ಟಳು. ನಾನು ಡಬ್ಬಿ ಮುಂದೆ ಚಾಚಿದೆ. ಮುದುಕಿ ಅದರ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಸವರಿದಳು. ಆಮೇಲೆ ಕತ್ತೆತ್ತಿ ನನ್ನನ್ನು ದಾಟಿ ಅವ್ವನನ್ನು ನೋಡಿದಳು.

‘ಪುಂಡಿಪಲ್ಯದಾಕಿ ನೀನ ಏನ? ಹೊರಗ ಯಾಕ ನಿಂತಿ? ನನ್ನ ಸೊಸಿ ನಿಮ್ಮದೆಲ್ಲಾ ಹೇಳ್ಯಾಳ. ಮೊದಲ ಆಕಿ ಕೂಡ ಜಗಳಾಡೀನಿ, ಆಮ್ಯಾಲ ಉಂಡೀನಿ. ಒಳಗ ಬಾ.’

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಹೊಸ್ತಿಲು ದಾಟಿದಳು. ಕಾಕು ಉಳಿದರ್ಧವನ್ನು ಯಾವಾಗ ಹೇಳಿದರು, ಎಷ್ಟು ಜಗಳವಾಯಿತು, ನನಗೆ ಯಾಕೆ ತಿಳಿಸಲಿಲ್ಲ... ಕೇಳಲು ಅವರಿರಲಿಲ್ಲ. ಹೊರಡುವಾಗ ಮುದುಕಿ ಡಬ್ಬಿ ತೊಳೆದು, ಒಳಗಿನ ಭರಣಿಯಿಂದ ಗುರೆಳ್ಳು ಹಿಂಡಿ ತುಂಬಿ ತಂದಳು. ‘ಆಕೀನ ಕುಟ್ಟಿಟ್ಟಿದ್ಲು. ಬರೇ ಡಬ್ಬಿ ಒಯ್ಯಬಾರದವ್ವಾ,’ ಅಂದಳು.

ಆ ಹಿಂಡಿಯನ್ನು ಚೂರುಚೂರೇ ತಿಂದೆ. ಅತಿಥಿಗಳು ಬಂದರೆ ಬಚ್ಚಿಟ್ಟೆ, ನಾಚಿಕೆ ಬಿಟ್ಟು. ಅದೂ ಇವತ್ತು ಮುಗಿಯಿತು. ಅವ್ವನಿಗೆ ಫೋನು ಮಾಡಿ ಹೇಳಿದೆ. ಡಬ್ಬಿ ತೊಳೆದಿಡು, ರವಿವಾರ ಪಲ್ಯ ಮಾಡಿ ಒಯ್ಯೋಣ, ಮುದುಕಿ ಹಾದಿ ನೋಡುತ್ತಿರುತ್ತಾಳೆ ಅಂದಳು. ಹೂಂ ಅಂದೆ. ಮಧ್ಯಾಹ್ನವಾಯಿತು, ಡಬ್ಬಿ ನನ್ನ ಮುಂದೆಯೇ ಇದೆ. ಇನ್ನೂ ತೊಳೆದಿಲ್ಲ.