ಮುಸುಕು ಹೊದ್ದ ಸೋರೆಹೂವು

ಈ ವಯಸ್ಸಿನಲ್ಲಿ ನಾನು ಮದುವೆ ಮಾಡಿಸುವ ಕಸುಬಿಗೆ ಇಳಿದೆ ಎಂದರೆ ನೀವು ನಗಬಾರದು. ಹೋದ ವರ್ಷ ಸಂಜೆ ಸಂಜೆ ನಮ್ಮ ಹಿತ್ತಲಿನಲ್ಲಿ ಮದುವೆ. ಹೆಣ್ಣು, ಸೋರೆಬಳ್ಳಿಯ ಹೂವು. ಗಂಡೂ ಅದೇ ಬಳ್ಳಿಯದು. ಪುರೋಹಿತೆ ನಾನು.

ಸೋರೆಹೂವಿನಷ್ಟು ಡಿಗ್ನಿಫೈಡ್ ಆದ ಹೂವನ್ನು ನಾನು ಕಂಡಿಲ್ಲ. ಹಗಲೆಲ್ಲ ಮುದುಡಿಕೊಂಡಿದ್ದು, ತೆಂಗಿನ ನೆರಳು ಉದ್ದವಾದ ಮೇಲೆ, ಇಸ್ತ್ರಿ ಕಾಣದ ಬಿಳಿ ಕರ್ಚೀಫಿನಂತೆ ಬಿಚ್ಚಿಕೊಳ್ಳುತ್ತದೆ. ಹೆಣ್ಣುಹೂವಾದರೆ ಕತ್ತಿನ ಕೆಳಗೆ ಪುಟ್ಟ ಸೋರೆಕಾಯಿ ಆಗಲೇ ಇರುತ್ತದೆ, ಮದುವೆಗೆ ಮುಂಚೆಯೇ ಮಗುವಿಗೆ ಹೆಸರು ಯೋಚಿಸಿಟ್ಟವಳಂತೆ.

ಈ ಬೀಜ ಕೊಟ್ಟವಳು ನನ್ನ ವಾರಗಿತ್ತಿ ಸರೋಜ. ಹುಳಿಯಾರಿನ ತವರಿನಿಂದ ತಂದ ಗುಂಡು ಸೋರೆ, ಬೆಂದರೆ ಬೆಣ್ಣೆ. ಅವಳು ತೀರಿಕೊಂಡ ಮೇಲೆ ಅವಳ ದನಿಯೂ ನನ್ನ ನೆನಪಿನಲ್ಲಿ ಮಸುಕಾಯಿತು. ಬಳ್ಳಿ ಮಾತ್ರ ವರ್ಷವರ್ಷವೂ ಹಬ್ಬುತ್ತಿತ್ತು. ಅದಕ್ಕೂ ಒಮ್ಮೆ ಸಂಚಕಾರ ಬಂತು. ಪಕ್ಕದ ಮನೆಯ ರತ್ನಮ್ಮ ಕಹಿ ಸೋರೆ ಹಬ್ಬಿಸಿದಳು. ನೊಣವಿನಕೆರೆಯಲ್ಲಿ ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳಲು ಒಣಗಿದ ಸೋರೆಯ ಬುರುಡೆ ಬೇಕಂತೆ. ಆ ವರ್ಷ ನನ್ನ ಕಾಯಿಗಳು ಸಿಹಿಯಾಗಿಯೇ ಇದ್ದವು. ಅವುಗಳ ಬೀಜ ಬಿತ್ತಿ, ಮರುವರ್ಷ ಮೊದಲ ಕಾಯಿಯ ಚೂರು ನಾಲಿಗೆಗೆ ತಾಕಿಸಿದರೆ, ಬೇವು! ಉಗಿದು ಬಳ್ಳಿ ಕಿತ್ತೆ. ಕ್ರಾಸ್ ಪಾಲಿನೇಷನ್ ಎಂದರೆ ಹಾಗೆ; ಅವಳ ಹೂವಿನ ಹುಡಿಯನ್ನು ನನ್ನ ಹೂವಿಗೆ ತಂದ ಪತಂಗದ ಗುಟ್ಟು ಮುಂದಿನ ತಲೆಮಾರಿನಲ್ಲಿ ರಟ್ಟಾಗುತ್ತದೆ.

ಉಳಿದದ್ದು ಸರೋಜಳೇ ಬೂದಿಯಲ್ಲಿ ಹೊರಳಿಸಿ ಕರಟದಲ್ಲಿಟ್ಟಿದ್ದ ಒಂದಿಷ್ಟು ಹಳೆಯ ಬೀಜ. ಅದೂ ಬೆರಕೆಯಾದರೆ ಸರೋಜ ಎರಡನೆಯ ಸಲ ಹೋದಂತೆ.

ಗೋಡೆಯಾಚೆ ರತ್ನಮ್ಮನ ಬಳ್ಳಿ ಇನ್ನೂ ಇತ್ತು. ಕಿತ್ತುಹಾಕು ಎನ್ನಲು ನನಗೆ ಮ್ಯಾನರ್ಸ್ ಅಡ್ಡ ಬಂತು. ತಳಿ ಬೆರೆಯದಂತೆ ದೂರವಿಡುವ ಐಸೊಲೇಷನ್ ಡಿಸ್ಟೆನ್ಸ್ ಎಂಬುದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯ್ಸ್ ಸ್ಕೂಲಿಗೂ ನಮಗೂ ನಡುವೆ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ಆದರೂ ಪ್ರೇಮದ ಚೀಟಿಗಳು ಹಾರಿಬರುತ್ತಿದ್ದವು. ನನಗೊಂದೂ ಬರಲಿಲ್ಲ, ಆ ವಿಷಾದ ಬೇರೆ. ಅಂತೂ ಗೋಡೆಗಳಲ್ಲಿ ನನಗೆ ಫೇತ್ ಇಲ್ಲ. ಟೈಲರ್ ಷಫಿಯ ಅಂಗಡಿಯಲ್ಲಿ ಮದುವೆ ದುಪಟ್ಟಾದಿಂದ ಉಳಿದ ನೆಟ್ ತುಂಡುಗಳಿಂದ ಪುಟ್ಟ ಚೀಲ ಹೊಲಿಸಿದೆ. ಅರಳಲಿರುವ ಮೊಗ್ಗುಗಳಿಗೆ ಮಧ್ಯಾಹ್ನವೇ ಮುಸುಕು, ಹೆಣ್ಣಿಗೂ ಗಂಡಿಗೂ. ಸಂಜೆ ಗಂಡುಹೂವಿನ ಎಸಳು ಬಿಡಿಸಿ, ಅದರ ಹುಡಿಯನ್ನು ಹೆಣ್ಣಿಗೆ ಮೆಲ್ಲಗೆ ಸವರಿ, ಮತ್ತೆ ಮುಸುಕು.

ರತ್ನಮ್ಮ ಗೋಡೆಯ ಮೇಲೆ ಗಲ್ಲವೂರಿ ನೋಡಿದಳು. "ಇದೇನಕ್ಕಾ, ಹೂವ್ಗೂ ಮುಸುಕಾ? ಮದ್ವೆ ಹೆಣ್ಣಾ ಅದು?"

"ಹೂಂ ಕಣೇ. ಗಂಡನ್ನೂ ನಾನೇ ನೋಡಿದೀನಿ."

"ಅಯ್ಯೋ ಬುಡಕ್ಕಾ! ಅಷ್ಟೊಂದು ಇಂಗ್ಲಿಷ್ ಓದಿ, ಕೊನೆಗೆ ನೀನೂ ಅರೇಂಜ್ಡ್ ಮ್ಯಾರೇಜೇ ಮಾಡ್ಸಿದ್ಯಲ್ಲ!"

ಒಂದೇ ಒಂದು ಕಾಯಿ ಕಚ್ಚಿತು. ಬೀಜಕ್ಕೆ ಬಿಟ್ಟದ್ದೆಂದು ಯಾರೂ ಕೀಳದಂತೆ ಸುಣ್ಣದ ಬೊಟ್ಟಿಟ್ಟೆ. ಬಲಿತ ಮೇಲೆ ಅಟ್ಟದಲ್ಲಿ, ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿಗಳ ಮಗ್ಗುಲಲ್ಲಿ ಒಣಗಲು ಇಟ್ಟೆ. ಕೊಬ್ಬರಿಯಾಯಿತೇ ಎಂದು ನಮ್ಮ ಕಡೆ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಬುರುಡೆಯನ್ನೂ ಹಾಗೇ ಅಲ್ಲಾಡಿಸುತ್ತ ಬಂದೆ. ಒಂದು ದಿನ ಗಲಗಲ ಎಂದಿತು. ಅಷ್ಟಕ್ಕೇ ಕಣ್ಣು ತೇವವಾಯಿತು; ಸಿಲ್ಲಿ ಮುದುಕಿ.

ಆ ಬೀಜದ ಬಳ್ಳಿಯಲ್ಲಿ ಮೊನ್ನೆ ಮೊದಲ ಕಾಯಿ ಕೊಯ್ದೆ. ಚೂರು ಹೆಚ್ಚಿಕೊಂಡು, ನಾಲಿಗೆಗೆ ತಾಕಿಸಲು ಧೈರ್ಯ ಸಾಲದೆ ನಿಂತಿದ್ದೆ.

"ತತ್ತಾ ಇಲ್ಲಿ," ಎಂದು ರತ್ನಮ್ಮ ಕಿತ್ತುಕೊಂಡಳು. ನೆಕ್ಕಿದಳು. ಕಣ್ಣು ಮುಚ್ಚಿದಳು. ಇನ್ನೊಂದು ಸಲ ನೆಕ್ಕಿದಳು.

"ಸರೋಜಕ್ಕನೇ ಕಣಕ್ಕಾ," ಎಂದಳು.

ಬುರುಡೆಯಲ್ಲಿ ಉಳಿದಿದ್ದ ಬೀಜದಲ್ಲಿ ಅವಳಿಗೊಂದು ಹಿಡಿ ಕೊಟ್ಟೆ.

"ನಂಗ್ಯಾಕಕ್ಕಾ? ನಮ್ಮನೆಯವ್ರಿಗೆ ಬೇಕಾಗಿರೋದು ಬುರುಡೆ."

"ಇದೂ ಒಣಗಿದ್ರೆ ಬುರುಡೆನೇ ಕಣೇ. ಸಿಹಿದು ಅಂತ ನೀರಲ್ಲಿ ಮುಳುಗುತ್ತಾ?"

ಅವಳು ನಗುತ್ತ ಸೆರಗಿಗೆ ಗಂಟು ಹಾಕಿಕೊಂಡಳು. ಬರುವ ಮಳೆಗೆ ಆಚೆಯ ಕಹಿ ಹೋಗಿ, ಗೋಡೆಯ ಎರಡೂ ಕಡೆ ಸರೋಜಳದೇ ಬಳ್ಳಿ. ಪತಂಗ ಎಲ್ಲಿಂದ ಎಲ್ಲಿಗೆ ಹಾರಿದರೂ ಬೆರಕೆಯಾಗುವುದೇನು? ನೆಟ್ ಚೀಲಗಳನ್ನು ಒಗೆದು ಮಡಿಸಿಟ್ಟಿದ್ದೇನೆ. ಬೀಜವನ್ನು ಬಚ್ಚಿಟ್ಟು ಕಾಯುವುದಕ್ಕಿಂತ ಪಕ್ಕದವಳಿಗೆ ಕೊಟ್ಟುಬಿಡುವುದೇ ಸೇಫ್. ಸರೋಜಳಿಗೆ ಇದು ಗೊತ್ತಿತ್ತು. ಇಲ್ಲದಿದ್ದರೆ ನನಗೇಕೆ ಕೊಡುತ್ತಿದ್ದಳು?